ಗಾಳಿ ಕತ್ತರಿಸುವ ಬಲಗೈ

ಕತ್ತರಿ ಮಾಮನ ಬಾಯಿಂದ ಬಂದ ಮಾತಿನಲ್ಲಿ ಮುಕ್ಕಾಲು ಪಾಲನ್ನು ನೆಲದ ಮೇಲಿನ ಕೂದಲಿನ ಜೊತೆ ಗುಡಿಸಿ ಬುಟ್ಟಿಗೆ ಹಾಕಬೇಕು ಎಂಬುದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮುಕ್ಕಾಲು ಪಾಲನ್ನು ಕೇಳುವುದಕ್ಕೆಂದೇ ಜನ ಅವನ ಕ್ಷೌರದಂಗಡಿಗೆ ಬರುತ್ತಿದ್ದರು ಎಂಬುದೂ ಅಷ್ಟೇ ನಿಜ. ತಾನು ಒಬ್ಬನ ಗಡ್ಡ ಹೆರೆದದ್ದು ಎಷ್ಟು ನುಣ್ಣಗಾಯಿತೆಂದರೆ, ಕೆನ್ನೆಯ ಮೇಲೆ ಕೂತ ನೊಣ ಜಾರಿ ಬಿದ್ದು ಕಾಲು ಮುರಿದುಕೊಂಡಿತು ಎನ್ನುತ್ತಿದ್ದ. ಇನ್ನೊಬ್ಬನಿಗೆ ಕ್ಷೌರ ಮಾಡಿ ಕಳಿಸಿದರೆ, ಅವನ ಹೆಂಡತಿ ಬಾಗಿಲು ತೆರೆದು, "ಯಜಮಾನ್ರು ಮನೇಲಿಲ್ಲ, ಆಮೇಲೆ ಬನ್ನಿ" ಎಂದು ಗುರುತು ಸಿಗದೆ ವಾಪಸು ಕಳಿಸಿಬಿಟ್ಟಳಂತೆ.

ಅಂಗಡಿ ಔಷಧದಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಇತ್ತು, ಮನೆ ಅದರ ಹಿಂದೆಯೇ. ಎರಡು ಕುರ್ಚಿ, ಅದರಲ್ಲಿ ಒಂದು ತಿರುಗುತ್ತಿತ್ತು, ಇನ್ನೊಂದು ತಿರುಗಿದರೆ ನಿಲ್ಲುತ್ತಿರಲಿಲ್ಲ. ಉದ್ದನೆಯ ಕನ್ನಡಿ, ಅದರ ಕೆಳಗೆ ಮರದ ಹಲಗೆ, ಹಲಗೆಯ ಮೇಲೆ ಬಾಚಣಿಗೆಗಳು ಮುಳುಗಿ ಕೂತ ಗಾಜಿನ ಜಾಡಿ. ಬಾಗಿಲಿಗೆ ನೀಲಿ ಬಣ್ಣ ಬಳಿದ ಶಟರ್. ಈ ಶಟರ್ ವಯಸ್ಸಾದಂತೆ ಹಠಮಾರಿಯಾಗಿತ್ತು. ಬೆಳಿಗ್ಗೆ ಮೇಲೆ ಹತ್ತಿ ಕೂತರೆ ಸಂಜೆ ಇಳಿಯಲೊಲ್ಲದು. ಒಮ್ಮೆ ಯಾರೋ ಗಿರಾಕಿ ಗಾಲ್ಫ್ ಕೋಲೊಂದನ್ನು ಮೂಲೆಗೆ ಒರಗಿಸಿ, ತಲೆ ಹಗುರ ಮಾಡಿಕೊಂಡು ಹೋದವನು, ಆ ಹಗುರದಲ್ಲೇ ಕೋಲನ್ನೂ ಮರೆತ. ಮತ್ತೆ ಬರಲಿಲ್ಲ. ಮಾಮ ಬಹಳ ದಿನ ಕಾದು, ಕೊನೆಗೆ ಅದರ ಬಾಗಿದ ಕಬ್ಬಿಣದ ತುದಿಯನ್ನು ಶಟರಿನ ಬಳೆಗೆ ಸಿಕ್ಕಿಸಿ ಎಳೆದು ನೋಡಿದ. ಶಟರ್ ಸಾಧುವಾಗಿ ಕೆಳಗಿಳಿಯಿತು. ಅಂದಿನಿಂದ ಆ ಕೋಲಿಗೆ ಅಂಗಡಿಯಲ್ಲಿ ಖಾಯಂ ನೌಕರಿ.

ಮಗಳ ಮದುವೆ ಮಾತು ನಡೆಯುತ್ತಿದ್ದ ದಿನಗಳಲ್ಲಿ ಬೀಗರಾಗುವವರು ಅಂಗಡಿ ನೋಡಲು ಬಂದರು. ಹಲ್ಲಿನ ಡಾಕ್ಟರು, ಆಗ ತಾನೆ ನಿವೃತ್ತರಾಗಿದ್ದರು. ಮೂಲೆಯಲ್ಲಿದ್ದ ಕೋಲು ಕಂಡದ್ದೇ ಅವರ ಮುಖ ಅರಳಿತು.

"ಓ, ನೀವೂ ಗಾಲ್ಫ್ ಆಡ್ತೀರಾ?"

ಶಟರ್ ಎಳೆಯುವ ಕೋಲು ಎಂದಿದ್ದರೆ ಅಲ್ಲಿಗೆ ಮುಗಿದಿತ್ತು. ಆದರೆ ಮಾಮನ ನಾಲಿಗೆಗೆ ಸಣ್ಣ ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ.

"ಆಡ್ತೀರಾ ಅಂತ ಕೇಳ್ತೀರಲ್ಲ ಸ್ವಾಮಿ! ಗಾಲ್ಫ್ ನನಗೆ ಎಡಗೈ ಕೆಲಸ. ನಾನು ಹೊಡೆದ ಚೆಂಡು ಹುಡುಕೋಕೆ ಜನ ಬಸ್ ಹತ್ತಿ ಹೋಗ್ಬೇಕು. ಒಂದ್ಸಲ ಟಿಕೆಟ್ ತಗೊಂಡು ರೈಲಲ್ಲೂ ಹೋಗಿದ್ರು."

ಬೀಗರು ನಕ್ಕರು. ದೂರದ ಊರಿನಲ್ಲಿ ಕೆಲಸದಲ್ಲಿದ್ದು ಆ ದಿನ ಮನೆಗೆ ಬಂದಿದ್ದ ಮಗಳು ಕೋಲನ್ನು ಅದೇ ಮೊದಲು ನೋಡಿದ್ದು. ಬಸ್ಸನ್ನೂ ರೈಲನ್ನೂ ಅವಳು ನಂಬಲಿಲ್ಲ. ಅಪ್ಪನನ್ನು ಹುಟ್ಟಿನಿಂದ ಬಲ್ಲವಳು. ಆದರೆ ಕೋಲು ಕಣ್ಣೆದುರೇ ಇತ್ತಲ್ಲ. ಅದನ್ನು ನಂಬಿದಳು.

ಮದುವೆಯಾಗಿ ಸುಮಾರು ದಿನಗಳ ಮೇಲೆ ಬೀಗರ ಫೋನು ಬಂತು. ಮುಂದಿನ ತಿಂಗಳು ಎಲ್ಲರೂ ಬರುತ್ತಿದ್ದೇವೆ, ನಿಮ್ಮೂರಿನ ಹೊರಗೆ ಒಳ್ಳೆಯ ಮೈದಾನವಿದೆಯಂತೆ, ಭಾನುವಾರ ಬೆಳಿಗ್ಗೆಗೆ ನಮ್ಮಿಬ್ಬರ ಹೆಸರಿನಲ್ಲಿ ಜಾಗ ಹಿಡಿದಿದ್ದೇನೆ ಎಂದರು. ಮಾಮ "ಆಗ್ಲಿ ಆಗ್ಲಿ" ಎಂದು ಫೋನಿಟ್ಟು, ಕುರ್ಚಿಯಲ್ಲಿದ್ದ ಗಿರಾಕಿಯ ಕೆನ್ನೆಗೆ ಹಚ್ಚಬೇಕಾದ ಸೋಪಿನ ನೊರೆಯನ್ನು ಅವನ ಕನ್ನಡಕಕ್ಕೆ ಹಚ್ಚಿದ.

ಸಂಜೆ ಮಗಳ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಅಪ್ಪಾ, ನಮ್ಮತ್ತೆ ನಿಮ್ಮ ಕಥೆ ಒಂದನ್ನೂ ನಂಬಲ್ಲ. ನಮ್ಮಪ್ಪ ನೂರು ಹೇಳ್ಬಹುದು, ಆದ್ರೆ ಗಾಲ್ಫ್ ಆಡೋದು ಮಾತ್ರ ನಿಜ ಅಂತ ನಾನು ಹೇಳಿದ್ದೀನಿ. ಈ ಮನೇಲಿ ನನ್ನ ಮಾತಂದ್ರೆ ಮಾತು. ನಿಜ ತಾನೆ?"

ಕತ್ತರಿ ಮಾಮನಿಗೆ ಜೀವನದಲ್ಲಿ ಮೊದಲ ಸಲ ಸುಳ್ಳು ಭಾರವೆನಿಸಿತು. ತನ್ನ ಮಾನ ಹೋದರೆ ಅವನಿಗೆ ಚಿಂತೆಯಿರಲಿಲ್ಲ. ಅದು ಎಷ್ಟು ಸಲ ಹೋಗಿ ಬಂದಿತ್ತೆಂದರೆ ದಾರಿ ಅದಕ್ಕೇ ಗೊತ್ತಿತ್ತು. ಹೊಸ ಮನೆಯಲ್ಲಿ ಮಗಳ ಮಾತು ಬಿದ್ದುಹೋದರೆ? ಅದನ್ನು ಎತ್ತಿಕೊಡುವವರು ಯಾರು?

"ನಿಜ ಪುಟ್ಟಿ," ಎಂದ. ಹೇಳಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಭಾನುವಾರದೊಳಗೆ ಅದನ್ನು ನಿಜ ಮಾಡಬೇಕಿತ್ತು.

ಹೆಂಡತಿ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದು ಪಿಂಚಣಿ ಪಡೆದವಳು; ಪಕ್ಕದ ಮನೆಯ ಗೋಡೆಯಾಚೆ ಹಲ್ಲಿ ಆಕಳಿಸಿದರೆ, "ಪಾಪ, ರಾತ್ರಿ ನಿದ್ದೆಯಾಗಿಲ್ಲ ಅದಕ್ಕೆ" ಎನ್ನುವಂಥ ಕಿವಿ.

"ರೈಲಿನ ಟಿಕೆಟ್ ಈಗ್ಲೇ ತಗೊಂಡಿಡಿ," ಎಂದಳು. "ಚೆಂಡು ತರೋಕಲ್ಲ. ನೀವು ತಲೆಮರೆಸಿಕೊಂಡು ಓಡಿಹೋಗೋಕೆ."

ಮೈದಾನದ ಪಕ್ಕದಲ್ಲೇ ಕಲಿಯುವವರಿಗೊಂದು ಜಾಗವಿತ್ತು. ಬಸ್ ಡಿಪೋ ದಾಟಿ, ಟೈರ್ ಗೋದಾಮಿನ ಹಿಂದೆ. ತಗಡಿನ ಚಾವಣಿ, ಅದರಡಿ ಹಸಿರು ಚಾಪೆಗಳು, ಎದುರಿಗೆ ಬಯಲು, ಬಯಲಿನ ಬಲಕ್ಕೆ, ಮೈದಾನದೊಳಕ್ಕೂ ಚಾಚಿಕೊಂಡು, ಬಾತುಕೋಳಿಗಳಿದ್ದ ಕೊಳ. ಅಲ್ಲಿ ಕಲಿಸುತ್ತಿದ್ದವರು ಕಡ್ಡಿಯಂಥ ಮೈಯ, ಅಗಲ ಟೋಪಿಯ ಟೀಚರಮ್ಮ. ಮಾಮ ಅಂಗಡಿಗೆ ರಜೆ ಇರುವ ದಿನ, ಅಲ್ಲದೆ ಬೆಳಿಗ್ಗೆ ಶಟರ್ ಎತ್ತುವ ಮುಂಚೆ, ಕೋಲು ಹೆಗಲಿಗೇರಿಸಿ ಹೋಗತೊಡಗಿದ.

"ಮೊದಲು ಎಡಗೈ," ಎಂದರು ಟೀಚರಮ್ಮ. "ಕೋಲಿನ ಮೇಲ್ತುದಿಯನ್ನ ಅಂಗೈಯಲ್ಲಿ ಮುಷ್ಟಿ ಕಟ್ಟಬೇಡಿ. ಬೆರಳುಗಳ ಬುಡಕ್ಕೆ ಒರಗಿಸಿ. ಕೊನೇ ಮೂರು ಬೆರಳು ಗಟ್ಟಿಯಾಗಿ ಹಿಡೀಲಿ. ಈಗ ಬಲಗೈ ಅದರ ಕೆಳಗೆ. ನಡುವಿನ ಎರಡು ಬೆರಳು ಸಾಕು, ಮೆತ್ತಗೆ."

"ಮೆತ್ತಗೆ ಅಂದ್ರೆ ಎಷ್ಟು?"

"ನೀವು ಗಿರಾಕಿ ಕಿವಿ ಮಡಚ್ತೀರಲ್ಲ, ಹಿಂದಿನ ಕೂದಲು ಕತ್ತರಿಸೋಕೆ? ಅಷ್ಟು."

"ಸಾಲ ಇಟ್ಟಿರೋ ಗಿರಾಕಿಯೋ, ಕೊಡೋ ಗಿರಾಕಿಯೋ?"

"ಕೊಡೋನು."

ಟೀಚರಮ್ಮ ತಾವೇ ಕೋಲೆತ್ತಿ ತೋರಿಸಿದರು. ಮೇಲೆ ಹೋಗುವಾಗ ಎಡತೋಳು ಚಾಚಿಕೊಂಡೇ ಇರುತ್ತದೆ, ಬಲಮೊಣಕೈ ಮಡಚಿಕೊಂಡು ತಟ್ಟೆ ಹೊತ್ತವರ ಹಾಗೆ ಕೆಳಗೆ ನಿಲ್ಲುತ್ತದೆ. ಇಳಿಯುವಾಗ ಎಡಗೈ ಮುಂದೆ ನಡೆದು ದಾರಿ ತೋರಿಸಬೇಕು. ಅದರ ಹಿಂಗೈ ಚೆಂಡು ಹೋಗಬೇಕಾದ ಕಡೆಗೆ ನೋಡುತ್ತಿರಬೇಕು. ಬಲಗೈ ಆತುರಪಡದೆ ಹಿಂದೆ ಬಂದು, ಕೊನೆಯ ಗಳಿಗೆಯಲ್ಲಿ, ನೀರಿನ ಮೇಲೆ ಚಪ್ಪಟೆ ಕಲ್ಲು ಬೀಸಿದ ಹಾಗೆ ತನ್ನ ಬಲವನ್ನೆಲ್ಲ ಬಿಟ್ಟು, ಎಡಗೈಯನ್ನು ದಾಟಿ ಮುಂದಕ್ಕೆ ಹೋಗಬೇಕು. ಟೀಚರಮ್ಮನ ಚೆಂಡು ಬಯಲಿನ ನಟ್ಟನಡುವೆ ಹಾರಿ, ತನಗೆ ಮನಸ್ಸಾದಾಗ ಇಳಿಯಿತು.

ಮಾಮ ಬೀಸಿದ. ಚೆಂಡು ಬಲಕ್ಕೆ ಬಾಗಿ ಕೊಳಕ್ಕೆ ಬಿತ್ತು. ಮತ್ತೆ ಬೀಸಿದ, ಮತ್ತೆ ಕೊಳ. ಮೊದಮೊದಲು ಬಾತುಕೋಳಿಗಳು ಚೆಂಡು ಬಿದ್ದಾಗ ಹಾರಿಹೋಗುತ್ತಿದ್ದವು. ಒಂದು ವಾರದಲ್ಲಿ ಅವು ಮಾಮ ಡಿಪೋ ದಾಟುವುದನ್ನು ಕಂಡೇ ದಡಕ್ಕೆ ಬಂದು ಸಾಲಾಗಿ ಕೂರತೊಡಗಿದವು. ಎರಡನೆಯ ವಾರ ಅವುಗಳಲ್ಲಿ ಒಂದು, ಎಲ್ಲರಿಗಿಂತ ಹಿರಿಯದು, ತನ್ನ ಮೊಟ್ಟೆಗಳ ಜೊತೆ ಮಾಮನ ಚೆಂಡಿಗೂ ಕಾವು ಕೊಡುತ್ತಿತ್ತೆಂದು ಟೀಚರಮ್ಮ ಹೇಳಿದರು. ಅವರೂ ಮಾಮನ ಸಹವಾಸದಲ್ಲಿ ಕೆಡುತ್ತಿದ್ದರು.

"ಕೋಲಿನ ಮುಖ, ಅಂದ್ರೆ ಚೆಂಡಿಗೆ ತಾಗೋ ಚಪ್ಪಟೆ ಭಾಗ, ಎಲ್ಲೋ ಬಲಕ್ಕೆ ತೆರೆದುಕೊಳ್ತಿದೆ," ಎಂದು ಅವರು ತಲೆ ಕೆರೆದುಕೊಂಡರು. "ಕೈ ಇಟ್ಟಿದ್ದು ಸರಿಯಾಗಿದೆ, ನಿಂತಿದ್ದು ಸರಿಯಾಗಿದೆ. ಮೇಲೆ ಹೋಗೋವರೆಗೂ ಸರಿಯಾಗಿದೆ. ಆಮೇಲೆ ಅದೇನಾಗುತ್ತೋ ನನಗಂತೂ ಕಾಣಿಸ್ತಿಲ್ಲ."

ಭಾನುವಾರ ಹತ್ತಿರವಾಯಿತು. ಮಾಮನ ಊಟ ಇಳಿಯಿತು, ಮಾತು ಇಳಿಯಿತು. ನೊಣದ ಕಥೆ ಹೇಳುವಾಗ ನೊಣ ಕಾಲು ಮುರಿದುಕೊಳ್ಳದೆ ಸುಮ್ಮನೆ ಹಾರಿಹೋಯಿತು. ಇದನ್ನು ಕೇಳಿ ಬೀದಿಯವರು ಹೆದರಿ, ಔಷಧದಂಗಡಿಯವನನ್ನು ಕರೆದುಕೊಂಡು ಬಂದು ನಾಡಿ ನೋಡಿಸಿದರು. ಹೆಂಡತಿಗೂ ಇದು ತಮಾಷೆಯ ಗಡಿ ದಾಟಿತೆನ್ನಿಸಿತು. ಒಂದು ಬೆಳಿಗ್ಗೆ ಉಲ್ಲನ್ ದಾರದ ಚೀಲ ಹಿಡಿದು ತಾನೂ ಹೊರಟಳು.

"ನೀನ್ಯಾಕೆ?"

"ಮುಳುಗೋರನ್ನ ದಡದಲ್ಲಿ ನಿಂತು ನೋಡೋಕೆ ಒಬ್ರಾದ್ರೂ ಬೇಕಲ್ಲ."

ಅವಳು ಬೆಂಚಿನ ಮೇಲೆ ಬಯಲಿಗೆ ಬೆನ್ನು ಹಾಕಿ ಕೂತು ಹೆಣೆಯತೊಡಗಿದಳು. ನೋಡುವ ಆಸೆಯೇನೂ ಇರಲಿಲ್ಲ. ಬೆನ್ನ ಹಿಂದೆ ಮಾಮ ಬೀಸಿದ; ಪುಳಕ್ ಎಂದು ಕೊಳ. ಇನ್ನೊಮ್ಮೆ ಬೀಸಿದ, ಪುಳಕ್. ಮೂರನೆಯ ಸಲ ಕೋಲು ಮೇಲೆ ಹೋದಾಗ ಅವಳ ಹೆಣಿಗೆ ಕಡ್ಡಿಗಳು ನಿಂತವು.

"ರೀ, ಇನ್ನೊಂದ್ಸಲ ಹೊಡೀರಿ."

ಹೊಡೆದ. ಅವಳು ತಿರುಗದೆಯೇ ಹೇಳಿದಳು:

"ಅಲ್ಲೇ! ಮೇಲೆ ಹೋದ ಕೂಡ್ಲೇ ಟಿಕ್ ಟಿಕ್ ಅಂತ ಸದ್ದು ಬರುತ್ತೆ. ಮನೆ ಹಜಾರಕ್ಕೆ ಅಂಗಡಿಯಿಂದ ಜೀವಮಾನ ಪೂರ್ತಿ ಕೇಳಿಸ್ತಿದ್ದ ಸದ್ದು. ನಿಮ್ಮ ಬಲಗೈ ಅಲ್ಲಿ ಕತ್ತರಿ ಆಡಿಸ್ತಿದೆ ಕಣ್ರೀ!"

"ಕೋಲಲ್ಲಿ ಕತ್ತರಿ ಎಲ್ಲಿಂದ ಬಂತೇ? ಸುಮ್ಮನಿರು."

"ಟೀಚರಮ್ಮ, ಅವರ ಬೆರಳು ನೋಡಿ. ಕೋಲು ನೋಡ್ಬೇಡಿ, ಚೆಂಡೂ ನೋಡ್ಬೇಡಿ."

ಟೀಚರಮ್ಮ ಟೋಪಿ ತೆಗೆದು, ಬಗ್ಗಿ, ಬೆರಳನ್ನೇ ನೋಡಿದರು. ಮಾಮ ಕೋಲೆತ್ತಿದ. ಅದು ಪೂರ್ತಿ ಮೇಲೆ ಹೋಗಿ ಒಂದು ಚಣ ನಿಂತಾಗ, ಬಲಗೈಯ ಹೆಬ್ಬೆರಳೂ ಉಂಗುರದ ಬೆರಳೂ ಕೋಲನ್ನು ಬಿಟ್ಟು, ಹಿಡಿದು, ಬಿಟ್ಟು, ಹಿಡಿದವು. ಎರಡು ಸಲ, ಚುರುಕಾಗಿ, ಅಂದವಾಗಿ.

ಕ್ಷೌರದವರ ಕೈಯನ್ನು ಗಮನಿಸಿದವರಿಗೆ ಗೊತ್ತು. ಕೂದಲು ಕತ್ತರಿಸುವಾಗಲಷ್ಟೇ ಅಲ್ಲ, ಕತ್ತರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗಲೂ ಗಾಳಿಯಲ್ಲಿ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ತಾಳ ತಪ್ಪದಿರಲಿ ಎಂದು, ಕೈ ಜಡವಾಗದಿರಲಿ ಎಂದು. ಕಣ್ಣು ಮುಚ್ಚಿ ಕೂತ ಗಿರಾಕಿಗೆ ಕೆಲಸ ನಡೆಯುತ್ತಿದೆ ಎಂಬ ಧೈರ್ಯವಿರಲಿ ಎಂದೂ. ಮಾಮನ ಲೆಕ್ಕದಲ್ಲಿ ಅವನು ಕತ್ತರಿಸಿದ ಕೂದಲಿಗಿಂತ ಕತ್ತರಿಸಿದ ಗಾಳಿಯೇ ಹೆಚ್ಚು. ಆ ಗಾಳಿಯನ್ನೆಲ್ಲ ಒಟ್ಟು ಮಾಡಿದ್ದರೆ ಊರಿನ ಟೈರುಗಳಿಗೆ ಪಂಪು ಬೇಕಾಗುತ್ತಿರಲಿಲ್ಲ. ಅದೇ ಬಲಗೈ ಈಗ ಗಾಲ್ಫ್ ಕೋಲನ್ನು ಆಕಾಶಕ್ಕೆತ್ತಿ, ಕೆಲಸವಿಲ್ಲದ ಆ ಒಂದು ಚಣದಲ್ಲಿ, ರೂಢಿಯಂತೆ ಗಾಳಿ ಕತ್ತರಿಸುತ್ತಿತ್ತು. ಅಷ್ಟರಲ್ಲಿ ಹಿಡಿತ ಸಡಿಲವಾಗಿ ಕೋಲು ಹೊರಳುತ್ತಿತ್ತು. ಚೆಂಡಿಗೆ ಕೊಳ ಬಿಟ್ಟರೆ ಗತಿಯಿರಲಿಲ್ಲ.

ಟೀಚರಮ್ಮ ಚಾಪೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಮಾಮ ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು, "ಅಯ್ಯೋ ದ್ರೋಹಿ," ಎಂದ.

ರೋಗ ಸಿಕ್ಕಿತು, ಮದ್ದು ಸಿಕ್ಕಬೇಕಲ್ಲ. ಮಾಮ ಮರುದಿನದಿಂದ ಅಂಗಡಿಯಲ್ಲೇ ಬಲಗೈಗೆ ಕಡಿವಾಣ ಹಾಕಿದ. ಕೂದಲಿದ್ದರೆ ಕತ್ತರಿಸುವುದು, ಇಲ್ಲದಿದ್ದರೆ ಸುಮ್ಮನಿರುವುದು. ಪರಿಣಾಮ ಘೋರವಾಯಿತು. ಅಂಗಡಿ ನಿಶ್ಶಬ್ದವಾದಾಗಲೆಲ್ಲ ಗಿರಾಕಿಗಳು ಬೆಚ್ಚಿ ಕಣ್ಣು ಬಿಡುತ್ತಿದ್ದರು. "ಏನಾಯ್ತು ಮಾಮ? ಕಿವಿ ಇದೆ ತಾನೆ?" ಎಂದು ಒಬ್ಬ ಮುಟ್ಟಿ ನೋಡಿಕೊಂಡ. ಸೈಕಲ್ ರಿಪೇರಿಯವನು ಕ್ಷೌರ ಮುಗಿಯಿತೆಂದುಕೊಂಡು ಅರ್ಧ ತಲೆಯಲ್ಲೇ ಎದ್ದು ಹೋದ. ಮಧ್ಯಾಹ್ನದವರೆಗೂ ಬೀದಿಯ ಒಂದು ಬದಿಯವರು ಅವನಿಗೆ ಚೆನ್ನಾಗಿದೆ ಎಂದರು, ಇನ್ನೊಂದು ಬದಿಯವರು ಯಾವಾಗ ಮಾಡಿಸ್ತೀಯ ಎಂದು ಕೇಳಿದರು.

ಆದರೆ ಆ ನಿಶ್ಶಬ್ದದಲ್ಲಿ ಮಾಮ ಒಂದು ವಿಷಯ ಕಂಡ. ಬಲಗೈ ಸುಮ್ಮನಿದ್ದಾಗ ಎಡಗೈ ಸುಮ್ಮನಿರಲಿಲ್ಲ. ಬಾಚಣಿಗೆ ಹಿಡಿದ ಎಡಗೈ ಮುಂದೆ ಹೋಗುತ್ತಿತ್ತು, ಕೂದಲನ್ನು ಎತ್ತುತ್ತಿತ್ತು, ಇಷ್ಟೇ ಎಂದು ಗೆರೆ ಹಾಕಿ ನಿಲ್ಲುತ್ತಿತ್ತು. ಕತ್ತರಿ ಬಂದು ಆ ಗೆರೆಯ ಮೇಲೆ ಬಾಯಿ ಮುಚ್ಚುತ್ತಿತ್ತು, ಅಷ್ಟೇ. ಇಷ್ಟು ವರ್ಷ ಹೊಗಳಿಕೆಯನ್ನೆಲ್ಲ ಸದ್ದು ಮಾಡುವ ಕೈ ನುಂಗಿತ್ತು. ದಾರಿ ತೋರಿಸುತ್ತಿದ್ದ ಕೈಯನ್ನು ಯಾರೂ ಕೇಳಿರಲಿಲ್ಲ, ಅವನೂ ಸೇರಿ.

"ನೋಡಿದ್ಯಾ," ಎಂದು ಆ ಸಂಜೆ ಹೆಂಡತಿಗೆ ಹೇಳಿದ. "ಟೀಚರಮ್ಮ ಹೇಳೋದು ಬಾಚಣಿಗೆ ವಿಷ್ಯ ಕಣೇ!"

"ಯಾರು ಮುಂದೆ ಹೋಗ್ಬೇಕು, ಯಾರು ಸುಮ್ಮನೆ ಹಿಂದೆ ಬರ್ಬೇಕು ಅಂತ ಈ ಮನೇಲಿ ನಾನು ಯಾವತ್ತಿಂದ ಹೇಳ್ತಿದ್ದೀನಿ," ಎಂದಳು ಹೆಂಡತಿ.

ಉಳಿದ ಬೆಳಿಗ್ಗೆಗಳಲ್ಲಿ ಮಾಮ ಎಡಗೈಯಲ್ಲಿ ಬಾಚಣಿಗೆ ಇದೆಯೆಂದೇ ಕೋಲೆತ್ತಿದ. ಹತ್ತರಲ್ಲಿ ಒಂದೆರಡು ಚೆಂಡು ನೇರ ಹೋಗತೊಡಗಿದವು. ಹಿರಿಯ ಬಾತುಕೋಳಿ ನೀರಿಗಿಳಿದು ನೋಡಿ, ಇನ್ನೂ ನಂಬಿಕೆ ಬಾರದೆ ದಡಕ್ಕೆ ಮರಳಿತು.

ಭಾನುವಾರ ಬಂದೇ ಬಂತು. ಬೀಗರು ಬಿಳಿ ಟೋಪಿ ಹಾಕಿ, ಚಕ್ರದ ಚೀಲದ ತುಂಬ ಕೋಲುಗಳನ್ನು ಎಳೆದುಕೊಂಡು ಬಂದರು. ಮಾಮನ ಕೈಯಲ್ಲಿ ಒಂದೇ ಕೋಲು.

"ಒಂದೇನಾ ಬೀಗರೇ?"

"ಎರಡನೇದು ತಂದ್ರೆ ಮೊದಲನೇದಕ್ಕೆ ಹೊಟ್ಟೆಕಿಚ್ಚು."

ಆಟ ಶುರುವಾಗುವ ಜಾಗದಲ್ಲಿ ಬೀಗತಿ ಕೊಡೆ ಹಿಡಿದು ನಿಂತಿದ್ದರು. ಎಲ್ಲವನ್ನೂ ಅನುಮಾನದಿಂದ ನೋಡುವ ಕಣ್ಣು. ಪಕ್ಕದಲ್ಲಿ ಅಳಿಯ. ಅವನ ಪಕ್ಕ ಮಗಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು.

"ನೀವೇ ಮೊದಲು," ಎಂದರು ಬೀಗರು. "ನಾವು ಬಸ್ಸಿಗೆ ಚಿಲ್ಲರೆ ತಂದಿದ್ದೀವಿ."

ಬೀಗತಿ ಕೊಡೆಯ ಕೆಳಗೆ ನಕ್ಕರು. ಮಾಮ ಚೆಂಡಿನ ಮುಂದೆ ನಿಂತ. ಎಡಗೈಯ ಕೊನೆಯ ಮೂರು ಬೆರಳು ಬಿಗಿದ. ಬಲಗೈಯನ್ನು ಮೆಲ್ಲಗೆ ಅದರ ಕೆಳಗಿಟ್ಟು, ಮನಸ್ಸಿನಲ್ಲೇ ಅದಕ್ಕೆ ಹೇಳಿದ: ಅಪ್ಪಾ, ನೀನು ಬಹಳ ದುಡಿದಿದ್ದೀಯ. ಇದೊಂದು ಸಲ ಬಾಯಿ ಮುಚ್ಚಿಕೊಂಡು ಬಾ. ಕೋಲು ಮೇಲೆ ಹೋಯಿತು. ಅಲ್ಲಿ ನಿಂತ ಚಣದಲ್ಲಿ ಬಲಗೈ ಹೆಬ್ಬೆರಳು ನವೆ ಬಂದಂತೆ ಚಡಪಡಿಸಿತು. ದೂರದ ಬೆಂಚಿನಲ್ಲಿ ಹೆಂಡತಿ ಕಣ್ಣು ಮುಚ್ಚಿ, ಕಿವಿ ನಿಮಿರಿಸಿ ಕೂತಿದ್ದಳು. ಸದ್ದು ಬರಲಿಲ್ಲ. ಬಾಚಣಿಗೆ ಇಳಿಯಿತು, ಅದರ ಹಿಂದೆ ಕತ್ತರಿ ಬಂತು.

ಠಣ್.

ಚೆಂಡು ಬಲಕ್ಕೆ ಹೋಗಲಿಲ್ಲ, ಎಡಕ್ಕೂ ಹೋಗಲಿಲ್ಲ. ಬೈತಲೆ ತೆಗೆದ ಹಾಗೆ ಹುಲ್ಲಿನ ನಡುವೆ ನೇರವಾಗಿ ಹಾರಿ, ಬಿದ್ದು, ಉರುಳಿ ನಿಂತಿತು. ಬಸ್ಸಿನ ದೂರವೇನಲ್ಲ, ಸೈಕಲ್ಲಿನ ದೂರವೂ ಅಲ್ಲ, ಚಪ್ಪಲಿ ಹಾಕಿಕೊಂಡು ಹೋಗಿ ತರಬಹುದಾದಷ್ಟು. ಆದರೆ ನೇರ.

"ಆಡ್ತಾರೆ," ಎಂದರು ಬೀಗತಿ, ಕೊಡೆ ಮಡಚುತ್ತಾ. ಅಷ್ಟೇ ಹೇಳಿದ್ದು. ಮಗಳ ಬೆರಳಿನಿಂದ ಸೆರಗು ಬಿಚ್ಚಿಕೊಂಡಿತು.

ಆಮೇಲೆ ಬೀಗರ ಸರದಿ. ಅವರು ಚೆಂಡಿನ ಮೇಲೆ ಬಗ್ಗಿ, ಬಹಳ ಮೃದುವಾಗಿ, "ಏನೂ ನೋಯಲ್ಲ, ಏನೂ ನೋಯಲ್ಲ," ಎಂದು ಅದಕ್ಕೆ ಸಮಾಧಾನ ಹೇಳಿ ಬೀಸಿದರು. ಚೆಂಡು ತಾಗುವ ಗಳಿಗೆಯಲ್ಲಿ ಬಲಗೈ ದವಡೆಹಲ್ಲು ಕೀಳುವವರಂತೆ ಒಂದು ತಿರುವು ಕೊಟ್ಟಿತು. ಚೆಂಡು ಎಡಕ್ಕೆ ಹೊರಳಿ ಪೊದೆಗೆ ನುಗ್ಗಿತು.

"ಎಷ್ಟೋ ವರ್ಷದಿಂದ ಹೀಗೇ ಬೀಗರೇ," ಎಂದು ನಿಟ್ಟುಸಿರು ಬಿಟ್ಟರು. "ನಿಮ್ಮ ಗುಟ್ಟೇನು?"

"ಕೈಗಳಲ್ಲಿ ಒಂದಕ್ಕೆ ಪಿಂಚಣಿ ಕೊಟ್ಟೆ," ಎಂದ ಮಾಮ. "ನಿಮ್ಮದು ಇನ್ನೂ ಆಸ್ಪತ್ರೆಗೆ ಹೋಗ್ತಿದೆ."

ಹೀಗೆ ಮಾತಾಡುತ್ತಾ ಇಬ್ಬರೂ ಹೊರಟರು. ಮಾಮನ ಪಿಂಚಣಿದಾರ ಎರಡನೆಯ ಹೊಡೆತಕ್ಕೇ ಕೆಲಸಕ್ಕೆ ಮರಳಿದ. ಚೆಂಡು ಕೊಳಕ್ಕೆ ಹೋಯಿತು, ಬಾತುಕೋಳಿಗಳು ಹಳೆಯ ನೆಂಟನನ್ನು ಕಂಡಂತೆ ಕೂಗಿಕೊಂಡವು. ಬೆಳಿಗ್ಗೆಯೆಲ್ಲ ಒಬ್ಬರು ಬಲದ ನೀರಿನಲ್ಲಿ, ಇನ್ನೊಬ್ಬರು ಎಡದ ಪೊದೆಯಲ್ಲಿ. ಚೆಂಡು ಬೀಳಿಸಬೇಕಾದ ಗುಳಿಯ ಹತ್ತಿರ ಮಾತ್ರ ಭೇಟಿಯಾಗಿ ಕುಶಲ ಕೇಳಿಕೊಳ್ಳುತ್ತಿದ್ದರು. ಬೀಗರು ಅಷ್ಟು ನಕ್ಕದ್ದನ್ನು ಬೀಗತಿ ಮದುವೆಯ ದಿನದಿಂದ ನೋಡಿರಲಿಲ್ಲವಂತೆ.

ಆಟ ಮುಗಿದು ನೆರಳಿಗೆ ಬಂದಾಗ ಮಗಳು ಅಪ್ಪನ ಕೈಯಿಂದ ಕೋಲು ತೆಗೆದುಕೊಂಡಳು. ಒರೆಸಿಡೋಣವೆಂದು ತುದಿಯನ್ನು ತಿರುಗಿಸಿದವಳು ನಿಂತಳು. ಬಾಗಿದ ಕಬ್ಬಿಣದ ಒಳಮಗ್ಗುಲಿಗೆ ದಪ್ಪನೆಯ ನೀಲಿ ಬಣ್ಣ ಮೆತ್ತಿತ್ತು.

"ಅಪ್ಪಾ," ಎಂದಳು ಮೆಲ್ಲಗೆ. "ಇದು ನಮ್ಮ ಶಟರಿನ ಬಣ್ಣ ಅಲ್ವಾ?"

ಮಾಮ ಬಾಯಿ ತೆರೆದ. ನಾಲಿಗೆಯ ತುದಿಗೆ ಆಕಾಶದ ನೀಲಿ ಬಂತು, ಅಷ್ಟು ಎತ್ತರ ಹೊಡೆದೆ ಎನ್ನುವ ಮಾತು ಬಂತು. ಎರಡನ್ನೂ ನುಂಗಿದ.

"ಹೌದು ಪುಟ್ಟಿ. ಶಟರ್ ಎಳೆಯೋ ಕೋಲು."

"ಹಾಗಾದ್ರೆ ಗಾಲ್ಫ್ ಯಾವಾಗಿಂದ?"

"ನೀನು ಫೋನ್ ಮಾಡಿದ ಮಾರನೇ ದಿನದಿಂದ. ನಿನ್ನ ಮಾತು ಮುಂದೆ ಹೊರಟುಹೋಗಿತ್ತಮ್ಮ. ನಾನು ಹಿಂದಿನಿಂದ ಓಡಿಬಂದು ಸೇರ್ಕೊಂಡೆ."

ಮಗಳು ಸೆರಗಿನಿಂದ ಆ ನೀಲಿಯನ್ನು ಉಜ್ಜಲು ಹೋದಳು, ಅದು ಹೋಗಲಿಲ್ಲ. ನಗು ತಡೆಯಲಾರದೆ ಕೋಲಿನ ಮೇಲೆಯೇ ಒರಗಿದಳು.

"ಅತ್ತೆಗೆ ಹೇಳ್ಲಾ?"

"ಹೇಳು. ಆದ್ರೆ ಮೊದಲನೇ ಹೊಡೆತದ ದೂರ ಸ್ವಲ್ಪ ಜಾಸ್ತಿ ಮಾಡಿ ಹೇಳು."

ಅವಳು ಹೇಳಿದಳೋ ಇಲ್ಲವೋ ತಿಳಿಯದು. ಸಂಜೆ ಬೀಗರ ಕಾರು ಹೊರಟಾಗ ಹಿಂದಿನ ಸೀಟಿನಲ್ಲಿ ಆ ಕೋಲೂ ಹೊರಟಿತ್ತು. "ಇದರಲ್ಲೇನೋ ಇದೆ, ನಾನು ಸ್ವಲ್ಪ ದಿನ ಹೊಡೆದು ನೋಡ್ತೀನಿ," ಎಂದು ಬೀಗರು ಕೇಳಿ ತೆಗೆದುಕೊಂಡಿದ್ದರು. ಸೋಮವಾರ ಸಂಜೆ ಬೀದಿಯವರೆಲ್ಲ ಹೊರಗೆ ಬಂದು ನಿಂತು ನೋಡಿದರು: ಕತ್ತರಿ ಮಾಮ ಶಟರಿನ ಬಳೆಗಾಗಿ ಎರಡೂ ಕೈ ಮೇಲೆತ್ತಿ ಹಾರುತ್ತಿದ್ದ. ಹಾರಿದಾಗಲೆಲ್ಲ ಅವನ ಬಲಗೈ ಗಾಳಿಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಕೊನೆಗೆ ಬಳೆ ಸಿಕ್ಕಿದ್ದು ಎಡಗೈಗೆ.